ಸೇವೆ ಮೇಷ್ಟ್ರ ಮಾದರಿ ಅರ್ಜಿ

ಸೇವೆ ಮಾಡುವುದು ದೊಡ್ಡ ವಿಷಯ. ಅದಕ್ಕಿಂತ ದೊಡ್ಡ ವಿಷಯ ಅದನ್ನು ಬೇರೆಯವರ ಕೈಯಲ್ಲಿ ಮಾಡಿಸುವುದು. ಈ ಎರಡನೆಯ ವಿದ್ಯೆಯಲ್ಲಿ ನಮ್ಮ ಮೇಷ್ಟ್ರನ್ನು ಮೀರಿಸುವವರು ಇಡೀ ಕಾಲೇಜಿನಲ್ಲಿ ಇರಲಿಲ್ಲ.

ಅವರು ಪಾಠ ಹೇಳುತ್ತಿದ್ದದ್ದು ಇತಿಹಾಸ. ಆದರೆ ಅವರನ್ನು ಇತಿಹಾಸದ ಮೇಷ್ಟ್ರು ಅಂತ ಕರೆದವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ‘ಸೇವೆ ಮೇಷ್ಟ್ರು’. ಕೊನೆಯ ವರ್ಷದ ವಿದ್ಯಾರ್ಥಿಗಳು ತಲಾ ನಲವತ್ತು ಗಂಟೆ ಸಮಾಜಸೇವೆ ಮಾಡಬೇಕು, ಒಂದು ಗಂಟೆ ಕಮ್ಮಿಯಾದರೂ ಅಂಕಪಟ್ಟಿ ಸಿಗದು. ಯಾರು ಎಲ್ಲಿ ಸೇವೆ ಮಾಡಬೇಕು ಎಂದು ಗೊತ್ತು ಮಾಡುವ ಸಂಯೋಜಕರು ನಮ್ಮ ಮೇಷ್ಟ್ರು. ಈ ಪದವಿ ಅವರ ಯೋಗ್ಯತೆ ನೋಡಿ ಬಂದದ್ದೇನಲ್ಲ. ಆರು ವರ್ಷದ ಹಿಂದೆ ಸಭೆ ನಡೆದ ದಿನ ಮೇಷ್ಟ್ರಿಗೆ ನೆಗಡಿ. ಬಂದವರೆಲ್ಲ ಸೇರಿ ಬಾರದವರ ಕುತ್ತಿಗೆಗೆ ಕಟ್ಟಿದರು, ಅಷ್ಟೆ.

ಕಟ್ಟಿದ ಮೇಲೆ ಮೇಷ್ಟ್ರು ಅದನ್ನು ಹಾರದ ಹಾಗೆ ಹಾಕಿಕೊಂಡು ಓಡಾಡಿದರು. ಪ್ರತಿ ವರ್ಷ ಮೊದಲ ದಿನ ವಿದ್ಯಾರ್ಥಿಗಳ ಮುಂದೆ ಒಂದು ಭಾಷಣ. "ನಾನು ಖುದ್ದು ಕಾಲಿಟ್ಟು ನೋಡದ ಜಾಗಕ್ಕೆ ಒಂದು ಮಗೂನೂ ಕಳಿಸಿಲ್ಲ! ನೆರವು ಬೇಕಾದವರನ್ನ ಗುರುತಿಸೋದಕ್ಕೆ ಕಣ್ಣು ಬೇಕು, ಕಣ್ಣು!" ನಿಜ ಹೇಳಬೇಕೆಂದರೆ ಆರು ವರ್ಷದಲ್ಲಿ ಮೇಷ್ಟ್ರು ಆ ಕುರ್ಚಿ ಬಿಟ್ಟು ಎದ್ದದ್ದು ಊಟಕ್ಕೆ ಮತ್ತು ಮನೆಗೆ. ಸಂಸ್ಥೆಗಳ ಪಟ್ಟಿ ಹಿಂದಿನವರು ಮಾಡಿಟ್ಟು ಹೋದದ್ದು. ಅದರಲ್ಲಿ ಒಂದು ಗ್ರಂಥಾಲಯ ಬಾಗಿಲು ಮುಚ್ಚಿ ಎರಡು ವರ್ಷವಾಗಿತ್ತು. ಮೇಷ್ಟ್ರು ಮಾತ್ರ ಅಲ್ಲಿಗೆ ವಿದ್ಯಾರ್ಥಿಗಳನ್ನು ತಪ್ಪದೆ ಕಳಿಸುತ್ತಲೇ ಇದ್ದರು.

ಇಷ್ಟರಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು.

ಪಟ್ಟಣದಲ್ಲಿ ಒಂದು ನೆರವು ಸಂಘವಿತ್ತು. ವಿದ್ಯಾರ್ಥಿಗಳು ತಮ್ಮ ಬೀದಿಯಲ್ಲಿ ಒಂಟಿಯಾಗಿರುವವರು, ಕೈಲಾಗದವರು ಇದ್ದರೆ ಅವರ ಹೆಸರಲ್ಲಿ ಅರ್ಜಿ ತುಂಬಿ ತರಬೇಕು. ಆ ಕಟ್ಟನ್ನು ಮೇಷ್ಟ್ರು ಸಂಘಕ್ಕೆ ಕಳಿಸಬೇಕು. ಸಂಘದವರು ಒಂದೊಂದು ಮನೆಗೆ ಒಬ್ಬೊಬ್ಬ ವಿದ್ಯಾರ್ಥಿಯನ್ನು ಗೊತ್ತುಮಾಡುತ್ತಾರೆ. ಹುಡುಗರು ಅರ್ಜಿಯನ್ನು ಅಡ್ಡಾದಿಡ್ಡಿ ತುಂಬುತ್ತಾರೆ ಅಂತ ಮೇಷ್ಟ್ರಿಗೆ ಆ ವರ್ಷ ಒಂದು ಮಾದರಿ ಅರ್ಜಿ ತುಂಬಿ ತೋರಿಸುವ ಹುಮ್ಮಸ್ಸು ಬಂತು.

"ಇಲ್ಲದವರ ಹೆಸರು ಮಾತ್ರ ಬರೀಬೇಡಿ ಸಾರ್," ಅಂದ ಗುಮಾಸ್ತ. "ಹೋದ ವರ್ಷ ಗಣಿತದ ಮೇಡಂ ಮಾದರಿಗೆ ಅಂತ ಯಾವನೋ ಇಲ್ಲದ ಹುಡುಗನ ಹೆಸರು ಬರೆದ್ರು. ಅವನು ಮೂರು ತಿಂಗಳು ಕ್ಲಾಸಿಗೆ ಬರಲಿಲ್ಲ ಅಂತ ನಾನೇ ನೋಟೀಸ್ ಕಳಿಸಿದೆ."

ಸರಿ, ಮೇಷ್ಟ್ರು ತಮ್ಮ ಹೆಸರನ್ನೇ ಬರೆದರು. ವಿಳಾಸ: ತಮ್ಮದೇ. ವಯಸ್ಸು: ಐವತ್ತೇಳು. ತೊಂದರೆ ಎಂಬ ಜಾಗಕ್ಕೆ ಬಂದಾಗ ಅವರೊಳಗಿನ ಸಾಹಿತಿ ಮೈಕೊಡವಿ ಎದ್ದ. ‘ವಿಪರೀತ ಮರೆವು. ಒಂಟಿತನ. ಮಾತು ಕೇಳುವವರಿಲ್ಲದೆ ಗೋಡೆಯೊಂದಿಗೆ ಮಾತು.’ ಮನೆಯಲ್ಲಿ ನೋಡಿಕೊಳ್ಳುವವರು: ‘ಯಾರೂ ಇಲ್ಲ.’ ಓದಿ ನೋಡಿದರು. ತಮ್ಮ ಮೇಲೆ ತಮಗೇ ಕನಿಕರ ಬಂದು ಕಣ್ಣು ಒದ್ದೆಯಾಯಿತು. ಆ ಕಣ್ಣೀರಿನ ಸಂಭ್ರಮದಲ್ಲಿ ‘ಮಾದರಿ’ ಎಂಬ ಮೊಹರು ಒತ್ತುವುದು ಮರೆತುಹೋಯಿತು. ವಿಪರೀತ ಮರೆವು ಅಂತ ಬರೆದದ್ದು ಪೂರಾ ಸುಳ್ಳೇನಲ್ಲ ನೋಡಿ. ಗುಮಾಸ್ತ ಮೇಜಿನ ಮೇಲಿದ್ದದ್ದನ್ನೆಲ್ಲ ಬಾಚಿ ಕಟ್ಟು ಕಟ್ಟಿ ಸಂಘಕ್ಕೆ ಕಳಿಸಿದ.

ಹದಿನೈದು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಬಾಗಿಲು ತೆಗೆದದ್ದು ಮೇಷ್ಟ್ರ ಹೆಂಡತಿ. ಹೊರಗೆ ಕೊನೆಯ ವರ್ಷದ ಒಬ್ಬ ಹುಡುಗಿ, ಕೈಯಲ್ಲಿ ಸಂಘದ ಚೀಟಿ. ಮರ್ಯಾದೆಯ ಪ್ರಶ್ನೆ ಅಂತ ಸಂಘದವರು ಚೀಟಿಯಲ್ಲಿ ಹೆಸರು ಹಾಕುವುದಿಲ್ಲ, ಅರ್ಜಿಯ ಉಳಿದ ವಿವರ ಮಾತ್ರ.

"ಇಲ್ಲಿ ಒಬ್ಬರೇ ಇರೋ ಅಜ್ಜನ್ನ ನೋಡ್ಕೊಳ್ಳೋಕೆ ಬಂದಿದ್ದೀನಿ ಆಂಟಿ."

"ಮನೆ ತಪ್ಪಿದ್ದೀಯಮ್ಮ. ಇಲ್ಲಿ ಅಜ್ಜ ಯಾರೂ ಇಲ್ಲ."

"ಇದೇ ವಿಳಾಸ ಆಂಟಿ. ಐವತ್ತೇಳು ವರ್ಷ, ತುಂಬ ಮರೆವು, ಗೋಡೆ ಜೊತೆ ಮಾತಾಡ್ತಾರೆ ಅಂತಿದೆ."

ಸರಿಯಾಗಿ ಆ ಹೊತ್ತಿಗೆ ಮೇಷ್ಟ್ರು ಅಂಗಿಯ ಗುಂಡಿಗಳನ್ನೆಲ್ಲ ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡು, ಕಂಕುಳಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ಒಳಗಿಂದ ಬಂದು, "ಕಾಲೇಜಿಗೆ ಹೊತ್ತಾಯ್ತು ಕಣೇ, ಇವತ್ತು ಯಾವ ವಾರ?" ಅಂದರು.

ಹುಡುಗಿ ಒಂದು ಸಲ ಚೀಟಿ ನೋಡಿದಳು, ಒಂದು ಸಲ ಮೇಷ್ಟ್ರನ್ನು ನೋಡಿದಳು. "ಸರ್... ನೀವಾ?" ಅಂದವಳ ದನಿಯಲ್ಲಿ ಎಷ್ಟು ಕರುಣೆ ಇತ್ತೆಂದರೆ ಮೇಷ್ಟ್ರಿಗೆ ಜ್ವರ ಬಂದ ಹಾಗಾಯಿತು. "ನಾನು ಯಾರಿಗೂ ಹೇಳಲ್ಲ ಸರ್. ದೇವರಾಣೆ."

ಚೀಟಿ ನೋಡಿದ ಕೂಡಲೇ ಮೇಷ್ಟ್ರಿಗೆ ಮಾದರಿ ಅರ್ಜಿ ನೆನಪಾಯಿತು. ಒಂದೇ ಮಾತಲ್ಲಿ ಮುಗಿಸಬಹುದಿತ್ತು. "ಅದು ತಪ್ಪಾಗಿ ಬಂದಿದೆಯಮ್ಮ" ಅಂದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ. ಅವರು ಬಾಯಿ ತೆರೆದೂ ತೆರೆದರು. ಆದರೆ ಹುಡುಗಿಯೇ ಮುಂದಾದಳು.

"ಮೊದಲು ನೀವು ನನ್ನ ಗ್ರಂಥಾಲಯಕ್ಕೆ ಹಾಕಿದ್ರಿ ಸರ್. ಮೂರು ವಾರ ಹೋದೆ, ಬೀಗ. ನೀವು ಖುದ್ದು ನೋಡಿದ ಜಾಗ ಅಲ್ವಾ, ನಾನೇ ತಪ್ಪು ಹೊತ್ತಲ್ಲಿ ಬರ್ತಿದ್ದೀನೇನೋ ಅಂತ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲ್ಲ ಹೋಗಿ ನಿಂತೆ. ಈಗ ಹನ್ನೆರಡೇ ದಿನ ಉಳಿದಿದೆ. ನರ್ಸಿಂಗ್ ತರಬೇತೀಲಿ ಸೀಟು ಸಿಕ್ಕಿದೆ. ಅಷ್ಟರಲ್ಲಿ ಅಂಕಪಟ್ಟಿ ಕೊಡದಿದ್ರೆ ಸೀಟು ಹೋಗುತ್ತೆ. ಸಂಘದಲ್ಲಿ ಇದೊಂದೇ ಮನೆ ಉಳಿದಿದ್ದು."

ಮೇಷ್ಟ್ರ ತೆರೆದ ಬಾಯಿ ತೆರೆದೇ ಇತ್ತು. ಮುಚ್ಚಿದ ಬಾಗಿಲ ಮುಂದೆ ಮೂರು ವಾರ ನಿಂತ ಹುಡುಗಿಗೆ ಇನ್ನೊಂದು ಬಾಗಿಲು ಮುಚ್ಚುವುದು ಹೇಗೆ? ಅದೂ ತಾನು ಒಂದು ದಿನವೂ ಎದ್ದು ಹೋಗಿ ನೋಡಿಲ್ಲ ಅಂತ ಒಪ್ಪಿಕೊಂಡು?

"ಹೂಂ ಕಣಮ್ಮ," ಅಂದರು. "ಸ್ವಲ್ಪ... ಮರೆವು ಇದೆ."

"ಮನೇಲಿ ಯಾರೂ ಇಲ್ಲ ಅಂತಿದೆ. ಹಾಗಾದ್ರೆ ಆಂಟಿ ಯಾರು ಸರ್?"

ಇಂಥ ಪ್ರಶ್ನೆಗೆ ಗಂಡಸು ಯೋಚಿಸಿ ಉತ್ತರ ಕೊಡಬೇಕು. ಮೇಷ್ಟ್ರು ಯೋಚಿಸಲಿಲ್ಲ. "ಇವರಾ? ಇವರು... ಹೀಗೇ ಬಂದು ಹೋಗೋರು," ಅಂದುಬಿಟ್ಟರು.

ಹೆಂಡತಿ ಗಂಡನ ಮುಖವನ್ನು ಒಂದು ಕ್ಷಣ ನೋಡಿದಳು. "ಹೌದಮ್ಮ," ಅಂದಳು. "ಮೂವತ್ತು ವರ್ಷದ ಹಿಂದೆ ಬಂದೆ. ಹೋಗೋದು ಮರೆತೆ. ಈ ಮನೇಲಿ ಎಲ್ಲರಿಗೂ ಮರೆವೇ." ಅಷ್ಟು ಹೇಳಿ ಒಳಗೆ ಹೋದಳು.

ಹುಡುಗಿಗೆ ಅವತ್ತೇ ಎಲ್ಲ ಅರ್ಥವಾಯಿತು. ಏನರ್ಥವಾಯಿತೆಂದರೆ, ಪಾಪ ಸರ್‌ಗೆ ತಮ್ಮ ಹೆಂಡತಿಯ ಗುರುತೂ ಸಿಗುವುದಿಲ್ಲ ಎಂದು.

ದಿನಕ್ಕೆ ನಾಲ್ಕು ಗಂಟೆ, ಹತ್ತು ದಿನ. ಹುಡುಗಿ ಬರುವ ಹೊತ್ತಿಗೆ ಮೇಷ್ಟ್ರು ಹಿಂದಿನ ಕೋಣೆಯಲ್ಲಿ ಮುಸುಕು ಹಾಕಿಕೊಂಡು ಮಲಗುವರು. ಅವಳು ಬಾಗಿಲಲ್ಲಿ ಇಣುಕಿದರೆ "ಯಾರಮ್ಮ ನೀನು?" ಅನ್ನುವರು. ಇದಿಷ್ಟೇ ಅವರ ಪಾತ್ರ. ಅವಳು ನಿಟ್ಟುಸಿರು ಬಿಟ್ಟು ಅಡುಗೆಮನೆಗೆ ಹೋಗುವಳು. ಆಮೇಲೆ ಅಲ್ಲಿಂದ ಪಾತ್ರೆಯ ಸದ್ದು, ಮಾತಿನ ಸದ್ದು, ಒಮ್ಮೊಮ್ಮೆ ನಗು. ಮೂರನೆಯ ದಿನ ಇಬ್ಬರೂ ಎಲ್ಲಿಗೋ ಹೊರಟೂ ಹೋದರು. ನೆರವು ಬೇಕಾದ ಮನುಷ್ಯ ನಾನಿಲ್ಲಿ ಮುಸುಕಿನೊಳಗೆ ಬೇಯುತ್ತಿದ್ದರೆ ಇವರಿಗೆ ಸವಾರಿ ಬೇರೆ ಕೇಡು ಎಂದು ಮೇಷ್ಟ್ರಿಗೆ ಸಿಟ್ಟು ಬಂತು. ನೋಡಿ, ಅಷ್ಟರಲ್ಲೇ ಅವರು ತಾವು ಬರೆದದ್ದನ್ನು ತಾವೇ ನಂಬತೊಡಗಿದ್ದರು.

ಹುಡುಗಿ ಯಾರಿಗೂ ಹೇಳಲಿಲ್ಲ. ಆದರೆ ಎದುರುಮನೆಯಲ್ಲಿ ಇದ್ದವರು ನಿವೃತ್ತ ಪೋಸ್ಟ್ ಮಾಸ್ಟರ್. ಮೂವತ್ತೈದು ವರ್ಷ ಲಕೋಟೆ ಒಡೆಯದೆ ಒಳಗಿನ ವಿಷಯ ತಿಳಿದುಕೊಂಡವರಿಗೆ ಒಂದು ಹುಡುಗಿಯ ಮುಖ, ಅವಳ ಕೈಯಲ್ಲಿನ ಚೀಟಿ ಓದುವುದು ಕಷ್ಟವೇ? ಎರಡು ದಿನದಲ್ಲಿ ಬೀದಿಗೆಲ್ಲ ಗೊತ್ತಾಯಿತು. ಮೇಷ್ಟ್ರು ಕಾಲೇಜಿನಿಂದ ಬರುವಾಗ ಪೋಸ್ಟ್ ಮಾಸ್ಟರ್ ತಿರುವಿನಲ್ಲೇ ಕಾದು ನಿಂತು ಕೈ ಹಿಡಿದುಕೊಳ್ಳತೊಡಗಿದರು.

"ಇದು ನಿಮ್ಮ ಬೀದಿ ಮೇಷ್ಟ್ರೇ. ಆ ಹಸಿರು ಗೇಟು ನಿಮ್ಮದು. ನಾನು ಯಾರು ಹೇಳಿ ನೋಡೋಣ?"

"ಪೋಸ್ಟ್ ಮಾಸ್ಟರ್ ಕಣ್ರೀ! ಬಿಡ್ರೀ ಕೈ!"

"ಭೇಷ್! ಇವತ್ತು ಪರವಾಗಿಲ್ಲ," ಅಂತ ಬೀದಿಗೆಲ್ಲ ಕೇಳುವ ಹಾಗೆ ಸಾರುವರು.

ಅಂಗಡಿಯವನು ಮೇಷ್ಟ್ರು ಕೇಳುವ ಮೊದಲೇ "ಸೋಪು ನಿನ್ನೇನೇ ತಗೊಂಡ್ರಿ ಸಾರ್" ಅನ್ನುವನು. ಕಾಲೇಜಿನಲ್ಲಿ ಪ್ರಿನ್ಸಿಪಾಲರು ಒಂದೊಂದೇ ಅಕ್ಷರ ಬಿಡಿಸಿ ಮಾತಾಡತೊಡಗಿದರು. "ಮೇ... ಷ್ಟ್ರೇ... ಊ... ಟ... ಆ... ಯ್ತಾ?" ಮೇಷ್ಟ್ರ ಮಾನ ಮೂರು ಕಾಸಿಗೆ ಹರಾಜಾಗುತ್ತಿತ್ತು. ಆದರೆ ಅದು ಅವರದೇ ಮಾನ, ಹೇಗೋ ನುಂಗಿಕೊಂಡರು.

ನುಂಗಲಾರದ್ದು ಬೇರೆ ಇತ್ತು. ‘ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ’ ಎಂಬ ಮಾತು ಬೀದಿಗೆ ಬಿದ್ದಿತ್ತು. ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂರುವ ಹೆಂಗಸರು ಮೇಷ್ಟ್ರ ಹೆಂಡತಿ ಬಂದ ಕೂಡಲೇ ಮಾತು ನಿಲ್ಲಿಸಿದರು. "ಗಂಡ ಆ ಸ್ಥಿತೀಲಿದ್ದಾರೆ, ಈಕೆ ನೋಡಿ, ಕಾಲೇಜು ಹುಡುಗಿ ಬಂದು ಮಾಡ್ಬೇಕಂತೆ," ಎಂಬ ಮಾತು ಅವಳ ಬೆನ್ನಿಗೆ ಬಿತ್ತು. ಮಾರನೆಯ ದಿನದಿಂದ ಅವಳು ಪಾರ್ಕಿಗೆ ಹೋಗುವುದು ಬಿಟ್ಟಳು. ಮೇಷ್ಟ್ರು ಅದನ್ನು ನೋಡಿದರು. ನೋಡಿ, "ಇನ್ನು ನಾಲ್ಕೇ ದಿನ ಕಣೇ, ಆ ಹುಡುಗಿ ಪಾಲಿಗೆ ಪುಣ್ಯ," ಅಂದರು.

"ಮನೆಗೆ ಮಾರಿ, ಊರಿಗೆ ಉಪಕಾರಿ," ಅಂದಳು ಹೆಂಡತಿ. ಅದಕ್ಕಿಂತ ಹೆಚ್ಚಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹತ್ತನೆಯ ದಿನ ಭಾವಮೈದ ಬಂದಿಳಿದ. ಯಾರೋ ಅವನಿಗೆ ಫೋನು ಮಾಡಿ, ನಿಮ್ಮಕ್ಕ ಗಂಡನ್ನ ಬಿಟ್ಟು ಹೋಗಿದ್ದಾರೆ ಅಂದಿದ್ದರಂತೆ. ಅವನು ಎರಡು ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಅತ್ತುಕೊಂಡು ಬಂದು ನೋಡಿದರೆ ಅಕ್ಕ ಒಲೆ ಮುಂದೆ ನಿಂತಿದ್ದಾಳೆ. ಅವನ ದುಃಖವೆಲ್ಲ ನಿಂತ ಕಾಲಲ್ಲೇ ಸಿಟ್ಟಾಯಿತು.

ಮಾರನೆಯ ಬೆಳಿಗ್ಗೆ ಸಂಘದ ಮೇಲ್ವಿಚಾರಕಿ ಬಂದರು. ಗಂಟೆಗಳಿಗೆ ಅವರ ಸಹಿ ಬೀಳಬೇಕು. ಹುಡುಗಿ ಕಾಗದ ಹಿಡಿದು ನಿಂತಿದ್ದಳು. ಸೀಟಿಗೆ ನಾಳೆಯೇ ಕೊನೆ. ಮೇಲ್ವಿಚಾರಕಿಯ ಹಿಂದೆ ಪೋಸ್ಟ್ ಮಾಸ್ಟರ್, ಅವರ ಹಿಂದೆ ಪಾರ್ಕಿನ ಬೆಂಚೇ ಎದ್ದು ಬಂದ ಹಾಗೆ ಅಕ್ಕಪಕ್ಕದವರು. ಮೇಷ್ಟ್ರ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ.

"ಮನೇಲಿ ಯಾರೂ ಇಲ್ಲ ಅಂತ ಬರೆದಿದೆ," ಅಂದರು ಮೇಲ್ವಿಚಾರಕಿ ಅರ್ಜಿ ನೋಡಿ. "ಇಲ್ಲಿ ನೋಡಿದ್ರೆ ಸಂತೆ ಸೇರಿದೆ."

"ನಾವು ಬರೀ ನೋಡೋಕೆ ಬಂದಿದ್ದು," ಅಂದರು ಪೋಸ್ಟ್ ಮಾಸ್ಟರ್.

"ಮತ್ತೆ ಈ ಅಮ್ಮ?"

ಭಾವಮೈದ ಇದಕ್ಕೇ ಕಾದಿದ್ದ. "ಭಾವ, ಎಲ್ಲರ ಎದುರಿಗೇ ಹೇಳಿಬಿಡಿ. ನಮ್ಮಕ್ಕ ಈ ಮನೇಲಿ ಇದ್ದಾಳೋ, ಇಲ್ವೋ?"

ಅತ್ತ ದರಿ, ಇತ್ತ ಪುಲಿ. ಇದ್ದಾಳೆ ಅಂದರೆ ಅರ್ಜಿ ಸುಳ್ಳು, ಹುಡುಗಿಯ ಸೀಟು ಹೋಯಿತು. ಇಲ್ಲ ಅಂದರೆ ಇಡೀ ಬೀದಿಯ ಎದುರಿಗೆ ಹೆಂಡತಿಯ ಮಾನ ಹೋಯಿತು.

"ಇದ್ದಾಳೆ," ಅಂದರು ಮೇಷ್ಟ್ರು. "ಆದ್ರೆ ಅರ್ಜಿ ತುಂಬೋ ಹೊತ್ತಲ್ಲಿ ಇರ್ಲಿಲ್ಲ."

"ಎಲ್ಲಿಗೆ ಹೋಗಿದ್ದೆ?" ಅಂತ ಹೆಂಡತಿಯೇ ಕೇಳಿದಳು.

"ಅಲ್ಲ... ನಾನು ತುಂಬಿದ್ದು ಕಾಲೇಜಲ್ಲಿ. ಅಲ್ಲಿ ನೀನಿರ್ಲಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಪಾರ್ಕು ಬಿಟ್ಟ ದಿನದಿಂದ ತಲೆ ತಗ್ಗಿಸಿಕೊಂಡಿದ್ದವಳು ಈಗಲೂ ನೆಲ ನೋಡುತ್ತಿದ್ದಳು. ಅವರಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನೆಲ ಗಟ್ಟಿಯಾಗಿತ್ತು. ಆಗ ಅವರು ಎಲ್ಲವನ್ನೂ ಹೇಳಿಬಿಟ್ಟರು. ಅದು ಮಾದರಿ ಅರ್ಜಿ. ನನಗೆ ಒಂಟಿತನವೂ ಇಲ್ಲ, ಗೋಡೆಯೂ ಇಲ್ಲ. ಇವಳು ನನ್ನ ಹೆಂಡತಿ, ಮೂವತ್ತು ವರ್ಷದಿಂದ ನನ್ನನ್ನು ನೋಡಿಕೊಂಡವಳು ಇವಳೇ. ಕಾಲೇಜಿನ ಸಂಯೋಜಕ ನಾನೇ.

"ನೀವೇನಾ ಆ ಸಂಯೋಜಕರು?" ಮೇಲ್ವಿಚಾರಕಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಆರು ವರ್ಷದಿಂದ ನಿಮ್ಮ ಸಹಿ ನೋಡ್ತಿದ್ದೀನಿ, ಅದನ್ನ ಓದೋಕೆ ಯಾರಿಂದಾನೂ ಆಗಿಲ್ಲ. ಪ್ರತಿ ಪತ್ರದಲ್ಲೂ ‘ಖುದ್ದು ಭೇಟಿ ನೀಡಿದಂತೆ’ ಅಂತ ಬರೀತೀರಿ. ಯಾವತ್ತು ಸಾರ್ ಬಂದಿದ್ರಿ?"

ಹುಡುಗಿ ತಲೆ ಎತ್ತಿ ಮೇಷ್ಟ್ರನ್ನು ನೋಡಿದಳು. "ಗ್ರಂಥಾಲಯಕ್ಕೂ ಹೋಗಿರ್ಲಿಲ್ವಾ ಸರ್?" ಅಂದಳು, ಮೆತ್ತಗೆ. ಬೈದಿದ್ದರೆ ಚೆನ್ನಾಗಿತ್ತು.

"ನಿಯಮ ನಿಯಮವೇ," ಅಂದರು ಮೇಲ್ವಿಚಾರಕಿ. "ನೆರವು ಬೇಡದವರಿಗೆ ಮಾಡಿದ ಸೇವೆ ಲೆಕ್ಕಕ್ಕಿಲ್ಲ. ನಲವತ್ತೂ ಗಂಟೆ ರದ್ದಾಗುತ್ತಮ್ಮ. ನನಗೂ ಬೇಜಾರೇ." ಹುಡುಗಿ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. ಅಳಲಿಲ್ಲ, ಮಡಚುತ್ತಲೇ ಇದ್ದಳು.

"ಸ್ವಲ್ಪ ತಡೀರಿ," ಅಂದಳು ಮೇಷ್ಟ್ರ ಹೆಂಡತಿ. "ಖಾಲಿ ಅರ್ಜಿ ಇನ್ನೊಂದಿದ್ಯಾ? ಇದ್ರೆ ನನ್ನ ಹೆಸರು ಬರ್ಕೊಳ್ಳಿ."

"ನಿಮಗೇನಮ್ಮ ತೊಂದರೆ?"

ಅವಳು ಬಲಗೈ ಎತ್ತಿದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಎತ್ತಲು ನೋಡಿದಳು, ಮುಖ ಕಿವುಚಿಕೊಂಡಿತು, ಆಗಲಿಲ್ಲ.

"ಒಂದು ವರ್ಷ ಆಯ್ತು ಭುಜ ಹಿಡ್ಕೊಂಡು. ಮೇಲಿನ ಹಲಗೆ ಡಬ್ಬ ಎಲ್ಲ ನೆಲಕ್ಕೆ ಬಂದಿವೆ. ಬಟ್ಟೆ ತಂತಿ ಮೇಲೆ ಹಾಕೋಕಾಗಲ್ಲ, ಕುರ್ಚಿ ಮೇಲೆ ಒಣಗ್ತವೆ. ತಲೆ ಬಾಚ್ಕೊಳ್ಳೋಕಾಗಲ್ಲ. ಈ ಹುಡುಗಿ ಮೊದಲ್ನೇ ದಿನಾನೇ ನೋಡಿ ಕೇಳಿದ್ಲು. ಡಾಕ್ಟ್ರ ಹತ್ರ ಕರ್ಕೊಂಡು ಹೋದ್ಲು, ದಿನಾ ಕೈ ಹಿಡಿದು ವ್ಯಾಯಾಮ ಮಾಡಿಸಿದ್ಲು, ಜಡೆ ಹಾಕಿದ್ಲು. ನಲವತ್ತು ಗಂಟೇನೂ ನನಗೇ ಮಾಡಿದ್ದು. ಇವರು ಮುಸುಕು ಹಾಕ್ಕೊಂಡು ಮಲಗಿದ್ರು."

"ನನಗೆ ಒಂದು ಮಾತು ಹೇಳಬಾರದಿತ್ತೇನೇ?" ಅಂದರು ಮೇಷ್ಟ್ರು.

"ಹೇಳಿದ್ದೆ. ಮೂರು ಸಲ. ಮೂರು ಸಲಾನೂ ‘ಹೂಂ’ ಅಂದ್ರಿ."

ಮೇಲ್ವಿಚಾರಕಿ ಹೊಸ ಅರ್ಜಿ ತೆಗೆದು ಬರೆಯತೊಡಗಿದರು. ಹೆಸರು, ವಯಸ್ಸು, ತೊಂದರೆ. ಸೇವೆ ಶುರುವಾದ ದಿನ ಎಂಬಲ್ಲಿ ಹತ್ತು ದಿನ ಹಿಂದಿನ ತಾರೀಖು ಹಾಕಿದರು. ನಿಯಮಕ್ಕೂ ಒಂದೊಂದು ದಿನ ಕಣ್ಣಿರುತ್ತದೆ. ಆಮೇಲೆ ಒಂದು ಕಡೆ ಪೆನ್ನು ನಿಂತಿತು.

"ಮನೇಲಿ ನೋಡಿಕೊಳ್ಳೋರು ಯಾರು ಅಂತ ಬರೀಲಿ?"

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು.

"ಯಾರೂ ಇಲ್ಲ ಅಂತ ಬರೀರಿ," ಅಂದರು ಮೇಷ್ಟ್ರು.

ಹೆಂಡತಿ ಈಗಲಾದರೂ "ಛೇ, ಹಾಗೆಲ್ಲ ಬರೀಬೇಡಿ" ಅನ್ನುತ್ತಾಳೆ ಅಂತ ಕಾದರು. ಅವಳು ಅನ್ನಲಿಲ್ಲ. ಮೇಲ್ವಿಚಾರಕಿ ಬರೆದುಕೊಂಡು ಸಹಿ ಹಾಕಿದರು. ಹುಡುಗಿ ಮಡಚಿದ ಕಾಗದವನ್ನು ಬಿಡಿಸಿ, ಮೊಣಕಾಲ ಮೇಲಿಟ್ಟು ಅಂಗೈಯಿಂದ ನೀವಿ ನೇರ ಮಾಡಿಕೊಂಡಳು.

ಅವಳಿಗೆ ಸೀಟು ಸಿಕ್ಕಿತು. ಮುಂದಿನ ಸೋಮವಾರ ಅವಳು ಬೇರೆ ಊರಿಗೆ ಹೋದಳು. ಪಾರ್ಕಿನ ಹೆಂಗಸರು ಬಂದು ಕ್ಷಮೆ ಕೇಳಿದರು. ಭಾವಮೈದ ಭಾವನ ಜೊತೆ ಮಾತಾಡದೆ ಬಸ್ಸು ಹತ್ತಿದ.

ಆ ಸೋಮವಾರ ಬೆಳಿಗ್ಗೆ ಹೆಂಡತಿ ಜಗಲಿಯಲ್ಲಿ ಕೂದಲು ಬಿಟ್ಟುಕೊಂಡು, ಎಡಗೈಯಲ್ಲಿ ಬಾಚಣಿಗೆ ಹಿಡಿದು ಕೂತಿದ್ದಳು. ಮೇಷ್ಟ್ರು ಬಂದು ಹಿಂದೆ ನಿಂತರು. ಕೊಡು ಅನ್ನಲು ನಾಚಿಕೆ. ಸುಮ್ಮನೆ ಕೈ ಚಾಚಿದರು. ಅವಳು ತಿರುಗಿ ನೋಡದೆ ಬಾಚಣಿಗೆ ಕೊಟ್ಟಳು. ಅವರು ಬಾಚಿದರು. ಸಿಕ್ಕಿನಲ್ಲಿ ಎಳೆದರು, ಬೈಸಿಕೊಂಡರು, ಮತ್ತೆ ಬಾಚಿದರು. ಬಿಳಿ ಕೂದಲು ಇಷ್ಟೊಂದಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಎದುರುಮನೆ ಕಿಟಕಿ ತೆರೆಯಿತು. "ಏನು ಮಾಡ್ತಿದ್ದೀರಿ ಮೇಷ್ಟ್ರೇ?" ಅಂತ ಪೋಸ್ಟ್ ಮಾಸ್ಟರ್ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

ಮೇಷ್ಟ್ರ ಕಿವಿ ಕೆಂಪಾಯಿತು. ಒಳಗೆ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

"ಜಡೆ ಹಾಕ್ತಿದ್ದೀನಿ," ಅಂದರು.

"ಬರುತ್ತಾ ನಿಮಗೆ?"

"ಬರಲ್ಲ."

ಮೇಷ್ಟ್ರು ಕೂದಲನ್ನು ಎರಡು ಭಾಗ ಮಾಡಿಕೊಂಡು ಒಂದರ ಮೇಲೊಂದು ತಿರುಚಿದರು. ಬಿಚ್ಚಿಹೋಯಿತು. ಇನ್ನೊಂದು ಸಲ ತಿರುಚಿದರು. ಮತ್ತೆ ಬಿಚ್ಚಿತು. ಮೂರನೆಯ ಸಲಕ್ಕೆ ಹೆಂಡತಿಯ ಭುಜ ಅಲುಗಿತು. ಅಳುತ್ತಿದ್ದಾಳೆಂದು ಬಗ್ಗಿ ನೋಡಿದರೆ, ನಗುತ್ತಿದ್ದಳು.

"ಜಡೆಗೆ ಮೂರು ಎಳೆ ಕಣ್ರೀ," ಅಂದಳು.

ಮೂವತ್ತು ವರ್ಷದಿಂದ ಅವರು ಆ ಜಡೆಯನ್ನು ದಿನಾ ನೋಡಿದ್ದರು.